ಗೃಹಿಣಿಯ ಪುಟ: ಕಡಲಾಚೆಗೆ ಹೊರಟ ಮನೆಯ ಸಾಮಾನು

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬುದು ನಮ್ಮ ಹಿರಿಯರ ಅನುಭವದ ಮಾತು. ಅವರ ಕಾಲದಲ್ಲಿ ಸಂಸಾರಸಮೇತರಾಗಿ ಸಮುದ್ರವನ್ನು ದಾಟಿ ಪರದೇಶದಲ್ಲಿ ನೆಲಸುವ ಪ್ರಸಂಗವು ಬಹು ವಿರಳವಾಗಿದ್ದುದರಿಂದ ಈ ಗಾದೆಗೆ ಮೂರನೆಯ ಮಾತೊಂದನ್ನು ಸೇರಿಸುವ ಅವಶ್ಯಕತೆಯು ಅವರಿಗೆ ತೋರಿರಲಾರದು. ಈಗಲಾದರೋ ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ ಮೊದಲಾದ ಊರುಗಳಿಂದ ಉದ್ಯೋಗನಿಮಿತ್ತವಾಗಿ ಹೊರಡುವ ಕುಟುಂಬಗಳು ಅನೇಕವಾಗಿವೆ. ಆಸ್ಟ್ರೇಲಿಯ ದೇಶದ ಮೆಲ್ಬರ್ನ್, ಸಿಡ್ನಿ ಮೊದಲಾದ ನಗರಗಳಲ್ಲಿ ಕನ್ನಡಿಗರ ಸಂಘಗಳೇ ನಡೆಯುತ್ತಿರುವುವು. ಹೀಗೆ ಹೋಗುವವರು ಉಟ್ಟ ಬಟ್ಟೆಯಲ್ಲಿ ಹೋಗುವುದಿಲ್ಲ. ಮಂಚ, ಕುರ್ಚಿ, ಬೀರು, ದೇವರ ಮಂಟಪಗಳನ್ನೂ ಹಡಗಿನಲ್ಲಿ ಕಳುಹಿಸಿಕೊಳ್ಳುವರು. ಆದುದರಿಂದ ಈ ತಿಂಗಳ ಪುಟವನ್ನು ಆ ವಿಷಯಕ್ಕೆ ಮೀಸಲಿಡುವುದು ಉಚಿತವೆಂದು ತೋರಿದೆ.

ಮೆಲ್ಬರ್ನಿಗೆ ಹೊರಟಿರುವ ಸೋದರಿಯೊಬ್ಬರು ನಮಗೆ ಬರೆದ ಕಾಗದದ ಸಾರಾಂಶವಿದು. ಅವರ ಅತ್ತೆಯವರ ಕಾಲದ ತೇಗದ ಮಂಚವೊಂದು, ಮೂರು ತಲೆಮಾರಿನ ಮಕ್ಕಳು ಮಲಗಿದ ಹಲಸಿನ ಮರದ ತೊಟ್ಟಿಲೊಂದು ಮನೆಯಲ್ಲಿವೆ. ಅವನ್ನು ಬಿಟ್ಟುಹೋಗಲು ಮನಸ್ಸೊಪ್ಪುವುದಿಲ್ಲ. ಆದರೆ ಆ ದೇಶದ ಕ್ವಾರಂಟೀನಿನ ಅಧಿಕಾರಿಗಳು ಮರದ ಸಾಮಾನುಗಳನ್ನು ಕಂಡರೆ ಸುಟ್ಟುಹಾಕುವರೆಂದು ಬಂಧುಗಳು ಹೆದರಿಸುತ್ತಿರುವರು. “ಇದು ನಿಜವೇ? ತೊಟ್ಟಿಲನ್ನು ಕಳುಹಿಸಬಹುದೇ, ಅಥವಾ ನಾದಿನಿಯ ಮನೆಯಲ್ಲಿ ಬಿಟ್ಟುಹೋಗುವುದೇ ಲೇಸೇ?” ಎಂಬುದು ಅವರ ಪ್ರಶ್ನೆ.

ಬಂಧುಗಳ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಮರದ ಸಾಮಾನುಗಳಿಗೆ ಅಲ್ಲಿ ಸರ್ವಥಾ ನಿಷೇಧವಿಲ್ಲ. ಸ್ವಚ್ಛವಾಗಿಯೂ ಹುಳುವಿಲ್ಲದೆಯೂ ಇರುವ ಮಂಚಕ್ಕೆ ಯಾವ ಆತಂಕವೂ ಇಲ್ಲ. ಆದರೆ ಹುಳು ಹಿಡಿದ ಮಂಚವನ್ನಾಗಲಿ, ಮಣ್ಣು ಮೆತ್ತಿದ ಗುದ್ದಲಿಯನ್ನಾಗಲಿ, ಕಾಳುಗಳು ಉಳಿದಿರುವ ಡಬ್ಬಿಯನ್ನಾಗಲಿ ಅವರು ಹಾಗೆಯೇ ಒಳಕ್ಕೆ ಬಿಡುವುದಿಲ್ಲ. ಆಗ ಯಜಮಾನನ ಮುಂದೆ ಮೂರು ದಾರಿಗಳಿರುವುವು: ತನ್ನ ಖರ್ಚಿನಿಂದ ಶುದ್ಧಿ ಮಾಡಿಸುವುದು, ತನ್ನ ಖರ್ಚಿನಿಂದಲೇ ದೇಶದಿಂದ ಹೊರಕ್ಕೆ ಕಳುಹಿಸುವುದು, ಇಲ್ಲವೆ ನಾಶಮಾಡಲು ಒಪ್ಪುವುದು. “ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ” ಎಂಬ ಗಾದೆಯು ಇಲ್ಲಿ ಅಕ್ಷರಶಃ ಸಲ್ಲುವುದು. ಇದು ಅಜ್ಜಿಯ ಕಾಲದ್ದೆಂಬ ಮಾತು ಅಧಿಕಾರಿಯ ಕಿವಿಗೆ ಬಿದ್ದರೂ ಅವನ ಕಣ್ಣು ಮರದ ರಂಧ್ರದ ಮೇಲೆಯೇ ಇರುವುದು. ಆದುದರಿಂದ ಈ ವಿಷಯದ ತೀರ್ಮಾನವು ಆಗಬೇಕಾದದ್ದು ಮೆಲ್ಬರ್ನಿನ ಬಂದರಿನಲ್ಲಲ್ಲ. ಹೊರಡುವ ಮುಂಚೆ, ನಮ್ಮ ನಮ್ಮ ನಡುಮನೆಯಲ್ಲಿ.

ಕ್ವಾರಂಟೀನ್ ಎಂಬ ಮಾತಿನ ಮೂಲವು ಇಟಲಿ ದೇಶದ್ದು. ನಲವತ್ತು ಎಂಬುದು ಅದರ ಅರ್ಥ. ಪ್ಲೇಗಿನ ಭಯದಿಂದ ವೆನಿಸ್ ನಗರದವರು ಹೊರಗಿನಿಂದ ಬಂದ ಹಡಗುಗಳನ್ನು ನಲವತ್ತು ದಿನ ದೂರದಲ್ಲಿ ನಿಲ್ಲಿಸುತ್ತಿದ್ದರು. ಅದಕ್ಕೂ ಮುಂಚೆ ೧೩೭೭ರಲ್ಲಿ, ಈಗ ದುಬ್ರೋವ್ನಿಕ್ ಎಂದು ಕರೆಯಲ್ಪಡುವ ರಗೂಸ ಪಟ್ಟಣದವರು ಮೂವತ್ತು ದಿನಗಳ ನಿಯಮವನ್ನು ಮಾಡಿದ್ದರು. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಜನರು ಮನೆಗಳನ್ನು ಬಿಟ್ಟು ಊರಹೊರಗಿನ ಗುಡಿಸಲುಗಳಲ್ಲಿ ದಿನಗಳನ್ನು ಕಳೆದ ಕಥೆಯನ್ನು ಹಿರಿಯರಿಂದ ಕೇಳಿದವರಿಗೆ ಇದರ ಅರ್ಥವನ್ನು ಬೇರೆಯಾಗಿ ವಿವರಿಸಬೇಕಾದುದಿಲ್ಲ. ಸಿಡ್ನಿ ಬಂದರಿನ ಬಾಯಲ್ಲಿರುವ ನಾರ್ತ್ ಹೆಡ್ ಎಂಬ ಎತ್ತರದ ನೆಲದ ಮೇಲೆ ೧೮೩೦ರ ದಶಕದಿಂದ ೧೯೮೪ರವರೆಗೆ ಇಂತಹದೇ ಕ್ವಾರಂಟೀನ್ ಠಾಣೆಯೊಂದಿದ್ದಿತು. ಅಲ್ಲಿ ಪ್ರಯಾಣಿಕರನ್ನು ಇಳಿಸಿಕೊಂಡು, ಅವರ ಪೆಟ್ಟಿಗೆ ಗಂಟುಗಳನ್ನು ಬಿಸಿ ಹಬೆಯ ದೊಡ್ಡ ಪಾತ್ರೆಗಳಲ್ಲಿ ಹಾಕಿ ಶುದ್ಧಿಮಾಡುತ್ತಿದ್ದರು.

ಮನುಷ್ಯರ ರೋಗಕ್ಕಾಗಿ ಹುಟ್ಟಿದ ಈ ನಿಯಮವು ಕ್ರಮೇಣ ಪೈರಿನ ರೋಗಕ್ಕೂ, ಮರದ ಹುಳುವಿಗೂ, ಕಳೆಯ ಬೀಜಕ್ಕೂ ಅನ್ವಯಿಸಿತು. ಇದು ಅತಿಯಾಯಿತೆಂದು ಕೆಲವರು ಹೇಳುವುದುಂಟು. ಅಂಥವರು ನಮ್ಮ ಊರಿನ ಖಾಲಿ ನಿವೇಶನಗಳನ್ನೊಮ್ಮೆ ನೋಡಿದರೆ ಸಾಕು. ಅಲ್ಲಿ ಬೆಳೆದು ನಿಂತಿರುವ ಕಾಂಗ್ರೆಸ್ ಗಿಡವು ನಮ್ಮ ದೇಶದ್ದಲ್ಲ. ೧೯೫೫ರಲ್ಲಿ ಪುಣೆಯಲ್ಲಿ ಅದನ್ನು ಗುರುತಿಸಿದರು. ಪರದೇಶದಿಂದ ತರಿಸಿದ ಗೋಧಿಯೊಡನೆ ಅದರ ಬೀಜಗಳು ಬಂದುವೆಂದು ಬಲ್ಲವರ ಅಭಿಪ್ರಾಯ. ಬಂಡೀಪುರದ ಕಾಡನ್ನು ಆವರಿಸಿರುವ ಲಂಟಾನವನ್ನು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಹೂವಿನ ಚಂದಕ್ಕಾಗಿ ಈ ದೇಶಕ್ಕೆ ತಂದರು. ಆಸ್ಟ್ರೇಲಿಯದವರ ಅನುಭವವು ಇದಕ್ಕಿಂತಲೂ ಕಹಿಯಾದದ್ದು. ೧೭೮೮ರಿಂದ ಮೊದಲ್ಗೊಂಡು ಬೇರೆ ಬೇರೆ ಜಾತಿಯ ಪಾಪಾಸುಕಳ್ಳಿಗಳನ್ನು ಬಣ್ಣದ ಹುಳುವಿನ ಸಾಕಣೆಗಾಗಿಯೂ ಬೇಲಿಗಾಗಿಯೂ ಅಲ್ಲಿಗೆ ಒಯ್ದರು. ೧೯೨೦ರ ದಶಕದ ಹೊತ್ತಿಗೆ ಅದು ಸುಮಾರು ೬ ಕೋಟಿ ಎಕರೆ ನೆಲವನ್ನು ನುಂಗಿ, ಒಕ್ಕಲುಗಳು ಹೊಲಮನೆಗಳನ್ನು ಬಿಟ್ಟುಹೋಗುವಂತೆ ಮಾಡಿತು. ೧೯೨೬ರಲ್ಲಿ ದಕ್ಷಿಣ ಅಮೆರಿಕ ಮೂಲದ ಕ್ಯಾಕ್ಟೊಬ್ಲಾಸ್ಟಿಸ್ ಎಂಬ ಪತಂಗದ ಮರಿಹುಳುಗಳನ್ನು ಬಿಟ್ಟ ಮೇಲೆಯೇ ಆ ಪೀಡೆಯು ತಗ್ಗಿತು. ಹೀಗೆ ಬೆಂದ ಕೈಯುಳ್ಳವರು ಕೆಂಡಕ್ಕೆ ಅಂಜುವುದರಲ್ಲಿ ಆಶ್ಚರ್ಯವೇನು?

ಈಗ ಅವರು ಮುಖ್ಯವಾಗಿ ಅಂಜುವ ಕೀಟಗಳಲ್ಲೊಂದು ನಮ್ಮ ಉಪಖಂಡದ್ದೇ. ಖಾಪ್ರ ಎಂಬ ಹಿಂದಿಯ ಹೆಸರಿನಿಂದಲೇ ಅದು ಲೋಕದಲ್ಲೆಲ್ಲ ಪ್ರಸಿದ್ಧವಾಗಿದೆ. ಬೆಳೆದ ಹುಳುವಿನ ಉದ್ದವು ಎರಡು ಮೂರು ಮಿಲಿಮೀಟರು ಮಾತ್ರ. ಅಕ್ಕಿ, ಗೋಧಿ, ಬೇಳೆಗಳನ್ನು ಅದರ ಮರಿಗಳು ತಿಂದು ಹೊಟ್ಟುಮಾಡುವುವು. ಅದರ ಭಯಂಕರತ್ವವಾದರೋ ಬೇರೊಂದು ಗುಣದಲ್ಲಿದೆ: ಆಹಾರವಿಲ್ಲದಿದ್ದರೂ ಆ ಮರಿಗಳು ಮರದ ಸಂದಿಯಲ್ಲಿಯೋ ಪೆಟ್ಟಿಗೆಯ ಮಡಿಕೆಯಲ್ಲಿಯೋ ಅಡಗಿಕೊಂಡು ವರ್ಷಗಟ್ಟಲೆ ಬದುಕಿರಬಲ್ಲುವು. ೨೦೦೭ರಲ್ಲಿ ಪಶ್ಚಿಮ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ, ಬ್ರಿಟನ್ನಿನಿಂದ ಹೊಸದಾಗಿ ಬಂದು ನೆಲಸಿದ ಕುಟುಂಬವೊಂದರ ಸಾಮಾನುಗಳಲ್ಲಿ ಈ ಹುಳು ಕಾಣಿಸಿತು. ಅಧಿಕಾರಿಗಳು ಆ ಮನೆಯನ್ನೇ ಇಡಿಯಾಗಿ ಹೊದಿಕೆಯಿಂದ ಮುಚ್ಚಿ, ಒಳಗೆ ವಿಷವಾಯುವನ್ನು ತುಂಬಿ ಹುಳುಗಳನ್ನು ಕೊಲ್ಲಬೇಕಾಯಿತು. ೨೦೨೦ರಲ್ಲಿ ಥಾಯ್ಲೆಂಡಿನಿಂದ ಬಂದ ತಂಗಳುಪೆಟ್ಟಿಗೆಗಳ ಜೊತೆಯಲ್ಲಿ ಈ ಹುಳುವೇ ಮತ್ತೆ ಸಿಕ್ಕಿತು. ತಂಗಳುಪೆಟ್ಟಿಗೆಗೂ ಧಾನ್ಯದ ಹುಳುವಿಗೂ ಏನು ಸಂಬಂಧವೆಂದು ಕೇಳಬಹುದು. ಈ ಹುಳುವಿಗೆ ಧಾನ್ಯವೇ ಬೇಕೆಂದಿಲ್ಲ, ಅಡಗಲು ಸಂದಿಯೊಂದಿದ್ದರೆ ಸಾಕೆಂಬುದೇ ಇದಕ್ಕೆ ಉತ್ತರ. ಗೋಧಿಯನ್ನು ಹೊರದೇಶಗಳಿಗೆ ಮಾರಿ ಜೀವಿಸುವ ರೈತರು ಅಲ್ಲಿ ಬಹಳ; ಈ ಹುಳು ಅಲ್ಲಿ ನೆಲಸಿತೆಂದರೆ ಕೊಳ್ಳುವ ದೇಶಗಳು ಆ ಗೋಧಿಯನ್ನು ಬೇಡವೆನ್ನುವುವು. ನಮ್ಮ ಪೆಟ್ಟಿಗೆಯ ಮೂಲೆಯಲ್ಲಿ ಉಳಿದ ಒಂದು ಹಿಡಿ ಅಕ್ಕಿಗೂ, ಮುಖಪರಿಚಯವಿಲ್ಲದ ರೈತನೊಬ್ಬನ ವರ್ಷದ ಬೆಳೆಗೂ ಇರುವ ಸಂಬಂಧವಿದು.

ಈ ವಿಷಯವಾಗಿ ಆಸ್ಟ್ರೇಲಿಯದಲ್ಲಿ ೧೯೦೮ರ ಕ್ವಾರಂಟೀನ್ ಕಾನೂನು ಬಹುಕಾಲ ಜಾರಿಯಲ್ಲಿದ್ದಿತು. ಅದರ ಸ್ಥಾನದಲ್ಲಿ ೨೦೧೫ರ ಜೈವಿಕ ಸುರಕ್ಷತಾ ಕಾನೂನು ೨೦೧೬ರಿಂದ ನಡೆಯುತ್ತಿದೆ. ನ್ಯೂಜಿಲೆಂಡಿನಲ್ಲಿ ೧೯೯೩ರ ಕಾನೂನು ಇದೇ ರೀತಿ ಕಟ್ಟುನಿಟ್ಟಾದದ್ದು. ಇವರ ಹಟವಿದು, ನಮ್ಮಲ್ಲಿಲ್ಲವೆಂದು ಮಾತ್ರ ತಿಳಿಯಬಾರದು. ಭಾರತದಲ್ಲಿಯೂ ೧೯೧೪ರಷ್ಟು ಹಿಂದೆಯೇ ವಿನಾಶಕ ಕೀಟಗಳ ಕಾನೂನು ಆಗಿದೆ. ೨೦೦೩ರ ಸಸ್ಯ ಕ್ವಾರಂಟೀನ್ ಆಜ್ಞೆಯು ಹೊರಗಿನಿಂದ ಬರುವ ಗಿಡ, ಬೀಜ, ಮರಗಳಿಗೆಲ್ಲ ಅನ್ವಯಿಸುವುದು. ಪರದೇಶದಿಂದ ಹಿಂದಿರುಗುವವರು ಇದನ್ನೂ ನೆನಪಿನಲ್ಲಿಟ್ಟಿರತಕ್ಕದ್ದು.

ಇನ್ನು ಕಾರ್ಯಕ್ರಮಕ್ಕೆ ಬರೋಣ. ಮೊದಲು ಮನೆಯಲ್ಲಿರುವುದನ್ನೆಲ್ಲ ಮೂರು ಭಾಗವಾಗಿ ವಿಂಗಡಿಸಬೇಕು: ಒಯ್ಯಲೇಬಾರದವು, ಪರೀಕ್ಷಿಸಿ ಒಯ್ಯತಕ್ಕವು, ತೊಳೆದು ಒಯ್ಯತಕ್ಕವು.

ಒಯ್ಯಲೇಬಾರದವುಗಳಲ್ಲಿ ಮೊದಲನೆಯವು ಧಾನ್ಯಗಳು. ಅಕ್ಕಿ, ಗೋಧಿ, ಕಡಲೆ, ಹೆಸರು, ಅಲಸಂದೆ, ತೊಗರಿ, ಕಡಲೆಕಾಯಿ, ಕೊತ್ತಂಬರಿ ಬೀಜ, ಜೀರಿಗೆ, ಸೋಂಪು, ಒಣಮೆಣಸಿನಕಾಯಿ, ಇವುಗಳನ್ನು ಮನೆಯ ಸಾಮಾನಿನೊಡನೆ ಕಳುಹಿಸುವುದನ್ನು ೨೦೨೦ರಿಂದೀಚೆಗೆ ಆಸ್ಟ್ರೇಲಿಯದವರು ಖಾಪ್ರ ಹುಳುವಿನ ಕಾರಣದಿಂದಲೇ ನಿಷೇಧಿಸಿರುವರು. ಪಾತ್ರೆಗಳ ನಡುವೆ ಖಾಲಿ ಜಾಗವಿದೆಯೆಂದು ಎರಡು ಸೇರು ಬೇಳೆಯನ್ನು ತುಂಬುವ ನಮ್ಮ ಪದ್ಧತಿಯು ಇಲ್ಲಿ ಅನರ್ಥಕಾರಿ. ಬೇಳೆಕಾಳುಗಳು ಅಲ್ಲಿಯ ಅಂಗಡಿಗಳಲ್ಲಿಯೇ ದೊರೆಯುವುವು. ಎರಡನೆಯದು ಮಣ್ಣು. ಪುಣ್ಯಕ್ಷೇತ್ರದಿಂದ ತಂದು ದೇವರ ಪೆಟ್ಟಿಗೆಯಲ್ಲಿಟ್ಟ ಮೃತ್ತಿಕೆಯೂ ಅವರ ಲೆಕ್ಕದಲ್ಲಿ ಮಣ್ಣೇ. ಅದನ್ನು ಹಿರಿಯರ ಮನೆಯ ದೇವರ ಗೂಡಿನಲ್ಲಿಟ್ಟು ಹೋಗುವುದೇ ಮೇಲು. ತುಳಸಿಯ ಗಿಡ, ಹೂವಿನ ಬೀಜ, ಒಣಗಿದ ಮಾವಿನೆಲೆಯ ತೋರಣ, ದರ್ಭೆ, ಇವುಗಳಿಗೂ ಇದೇ ಮಾತು. ಜಪಮಾಲೆಯ ಮಣಿಗಳು ಬೀಜಗಳಾಗಿದ್ದರೆ ಅದನ್ನು ಸ್ಪಷ್ಟವಾಗಿ ಬರೆದು ತಿಳಿಸಬೇಕು.

ಪರೀಕ್ಷಿಸಿ ಒಯ್ಯತಕ್ಕವುಗಳಲ್ಲಿ ಪ್ರಧಾನವಾದವು ಮರದ ಸಾಮಾನುಗಳು. ಇವಕ್ಕೆ ಶತ್ರುಗಳು ಇಬ್ಬರು. ಮೊದಲನೆಯದು ಕುಟ್ಟೆಹುಳು. ಇದು ಮರದೊಳಗೆ ಸುರಂಗಗಳನ್ನು ಕೊರೆದು, ಬೆಳೆದ ಮೇಲೆ ಗುಂಡುಸೂಜಿಯ ತಲೆಯಷ್ಟು ರಂಧ್ರವನ್ನು ಮಾಡಿಕೊಂಡು ಹೊರಕ್ಕೆ ಬರುವುದು. ಕೆಳಗೆ ನಯವಾದ ಹಿಟ್ಟು ಉದುರುವುದು. ಎರಡನೆಯದು ಒಣಮರದ ಗೆದ್ದಲು. ಸಾಮಾನ್ಯ ಗೆದ್ದಲಿಗೆ ನೆಲದ ತೇವವು ಬೇಕು. ಇದಕ್ಕಾದರೋ ಒಂದು ಕುರ್ಚಿಯ ಕಾಲೇ ಸಾಕು. ಇದರ ಹಿಕ್ಕೆಯು ಗಸಗಸೆಯಂತೆ ಕಾಳುಕಾಳಾಗಿರುವುದು. ಇಂತಹದೊಂದು ಜಾತಿಯನ್ನು ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನಲ್ಲಿ ೧೯೬೬ರಲ್ಲಿ ಕಂಡುಹಿಡಿದ ಮೇಲೆ, ಸರ್ಕಾರದವರು ಅದನ್ನು ತೊಲಗಿಸಲು ಕಟ್ಟಡಗಳನ್ನೇ ಮುಚ್ಚಿ ವಿಷವಾಯುವನ್ನು ಹಾಯಿಸುತ್ತ ಬಹುಕಾಲ ಹೆಣಗಿದರು.

ಪರೀಕ್ಷೆಯ ವಿಧಾನವು ಕಷ್ಟವಾದದ್ದಲ್ಲ. ಹೊರಡುವುದಕ್ಕೆ ಎರಡು ತಿಂಗಳ ಮುಂಚೆ ಮಂಚವನ್ನೂ ತೊಟ್ಟಿಲನ್ನೂ ಬಿಚ್ಚಿ ಬಿಡಿಬಿಡಿಯಾಗಿ ಮಾಡಬೇಕು. ಕಾಲುಗಳ ಅಡಿ, ಕೀಲುಗಳ ಸಂದಿ, ಅಡ್ಡಪಟ್ಟಿಗಳ ಹಿಂಬದಿ, ಹೀಗೆ ಹೊಳಪೆಣ್ಣೆ ಬೀಳದ ಜಾಗಗಳನ್ನೆಲ್ಲ ದೀಪ ಹಿಡಿದು ನೋಡಬೇಕು. ತೇಗದ ಚೇಗನ್ನು ಹುಳು ಸುಲಭವಾಗಿ ಮುಟ್ಟುವುದಿಲ್ಲ. ಚೇಗಿನ ಹೊರಗಿರುವ ಬಿಳಿಯ ಭಾಗವನ್ನು ಬಿಡುವುದಿಲ್ಲ. ಆದುದರಿಂದ ಒಂದೇ ಮಂಚದಲ್ಲಿ ಮೂರು ಕಾಲುಗಳು ಗಟ್ಟಿಯಾಗಿದ್ದು ನಾಲ್ಕನೆಯದು ಪೊಳ್ಳಾಗಿರುವುದುಂಟು. ರಂಧ್ರಗಳು ಕಂಡಲ್ಲಿ ಅವು ಹಳೆಯವೋ ಹೊಸವೋ ತಿಳಿಯಬೇಕಷ್ಟೆ. ಎಲ್ಲ ರಂಧ್ರಗಳನ್ನೂ ಮೇಣದಿಂದ ಮುಚ್ಚಿ, ಬಿಡಿಭಾಗಗಳನ್ನು ಕಪ್ಪು ಬಟ್ಟೆಯ ಮೇಲೆ ಎರಡು ಮೂರು ವಾರ ಅಲುಗಿಸದೆ ಇಟ್ಟಿರಬೇಕು. ಬಟ್ಟೆಯ ಮೇಲೆ ತಿಳಿಬಣ್ಣದ ಹಿಟ್ಟು ಕಂಡರೆ, ಅಥವಾ ಮೇಣದ ಪಕ್ಕದಲ್ಲಿ ಹೊಸ ರಂಧ್ರವು ತೋರಿದರೆ, ಒಳಗೆ ಜೀವವಿದೆಯೆಂದು ನಿಶ್ಚಯ. ಏನೂ ಕಾಣದಿದ್ದರೆ ಭರವಸೆ ತಾಳಬಹುದೇ ಹೊರತು ಪೂರ್ತಿ ನಿಶ್ಚಿಂತರಾಗುವಂತಿಲ್ಲ. ಏಕೆಂದರೆ ಕೆಲವು ಹುಳುಗಳ ಮರಿಗಳು ವರ್ಷಕ್ಕೂ ಮಿಕ್ಕಿ ಮರದೊಳಗೆ ಅಡಗಿರುವುವು. ಕಾಗದ ಬರೆದ ಸೋದರಿಗೆ ನಮ್ಮ ಉತ್ತರವು ಇಷ್ಟೇ: ತೊಟ್ಟಿಲನ್ನು ಕಳುಹಿಸಬೇಕೋ ಬಿಡಬೇಕೋ ಎಂಬುದನ್ನು ಬಂಧುಗಳನ್ನು ಕೇಳಿ ತಿಳಿಯುವುದಕ್ಕಿಂತ ಆ ಕಪ್ಪು ಬಟ್ಟೆಯನ್ನು ನೋಡಿ ತಿಳಿಯುವುದು ಮೇಲು.

ಹುಳುವಿರುವುದು ತಿಳಿದಾಗ ಬಣ್ಣ ಬಳಿದು ಮುಚ್ಚುವ ಯೋಚನೆಯನ್ನು ಮಾಡಲೇಬಾರದು. ಬಣ್ಣವು ರಂಧ್ರವನ್ನು ಮುಚ್ಚುವುದೇ ಹೊರತು ಹುಳುವನ್ನು ಕೊಲ್ಲುವುದಿಲ್ಲ. ಹಡಗಿನಲ್ಲಿ ಕಳೆಯುವ ವಾರಗಳಲ್ಲಿ ಅದು ಹೊಸ ಬಣ್ಣವನ್ನೇ ಕೊರೆದುಕೊಂಡು ಹೊರಬಂದರೆ ಬಚ್ಚಿಟ್ಟ ಅಪವಾದವೂ ಸೇರಿಕೊಳ್ಳುವುದು. ನಮ್ಮ ಅಜ್ಜಿಯರು ತಿಗಣೆಗೆ ಮಾಡುತ್ತಿದ್ದಂತೆ ಬಿಸಿಲಿಗೆ ಹಾಕಿ ಕುದಿನೀರು ಹೊಯ್ದರೂ ಸಾಲದು; ಆ ಕಾವು ಮರದ ನಡುವಿಗೆ ಮುಟ್ಟುವುದಿಲ್ಲ. ಶಾಸ್ತ್ರೀಯವಾದ ಉಪಾಯಗಳೆಂದರೆ, ಮರದ ನಡುವಿನವರೆಗೂ ಮುಟ್ಟುವಂತೆ ಕಾಯಿಸುವುದು, ಅತಿಶೈತ್ಯದಲ್ಲಿಡುವುದು, ಇಲ್ಲವೆ ಮೀಥೈಲ್ ಬ್ರೋಮೈಡ್ ಎಂಬ ವಿಷವಾಯುವಿನ ಧೂಪವನ್ನು ಹಾಕಿಸುವುದು. ಇವೆಲ್ಲ ತಜ್ಞರ ಕೆಲಸ, ಮನೆಯಲ್ಲಿ ಮಾಡತಕ್ಕವಲ್ಲ. ಇಲ್ಲಿಯೇ ಧೂಪ ಹಾಕಿಸುವವರು ಒಂದು ಅಂಶವನ್ನು ಕೇಳಿ ತಿಳಿದುಕೊಳ್ಳಬೇಕು: ಆ ಸಂಸ್ಥೆಯನ್ನು ಆಸ್ಟ್ರೇಲಿಯದ ಕೃಷಿ ಇಲಾಖೆಯವರು ಒಪ್ಪಿರುವರೇ? ಒಪ್ಪಿಲ್ಲದವರು ಕೊಟ್ಟ ಪತ್ರಕ್ಕೆ ಅಲ್ಲಿ ಬೆಲೆಯಿಲ್ಲ. ಅಲ್ಲಿ ಮತ್ತೊಮ್ಮೆ ಧೂಪ, ಮತ್ತೊಮ್ಮೆ ಖರ್ಚು.

ಧೂಪದ ವಿಷಯದಲ್ಲಿ ಗೃಹಿಣಿಯರು ಅವಶ್ಯವಾಗಿ ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಮೀಥೈಲ್ ಬ್ರೋಮೈಡು ಮರಕ್ಕೆ ಕೇಡುಮಾಡದಿದ್ದರೂ ರಬ್ಬರು, ರಬ್ಬರಿನ ಮೆತ್ತೆ, ಗರಿ ತುಂಬಿದ ದಿಂಬು, ತೊಗಲು, ಉಣ್ಣೆ ಮೊದಲಾದವುಗಳೊಡನೆ ಬೆರೆತು ಎಂದಿಗೂ ಹೋಗದ ದುರ್ವಾಸನೆಯನ್ನು ಉಂಟುಮಾಡಬಲ್ಲುದು. ಜಾಗ ಉಳಿಯಲೆಂದು ಹಳೆಯ ಪೆಟಾರಿಯೊಳಗೆ ಉಣ್ಣೆಯ ಶಾಲುಗಳನ್ನೂ, ತೊಟ್ಟಿಲಿನೊಳಗೆ ದಿಂಬುಗಳನ್ನೂ ತುರುಕಿದರೆ, ಮರಕ್ಕೆ ಹಾಕಬೇಕಾದ ಧೂಪವು ಇವಕ್ಕೂ ತಗಲುವುದು. ಮರವು ಉಳಿದು ಶಾಲು ಹಾಳಾಗುವುದು. ಆದುದರಿಂದ ಮರದ ಸಾಮಾನುಗಳನ್ನು ಪ್ರತ್ಯೇಕವಾಗಿಯೇ ಕಟ್ಟಬೇಕು. ಅವುಗಳೊಳಗೆ ಬೇರೇನನ್ನೂ ತುಂಬಬಾರದು.

ಮರಕ್ಕಿಂತಲೂ ಬಿದಿರಿಗೆ ಹುಳುವಿನ ಕಾಟವು ಹೆಚ್ಚು. ಅದರಲ್ಲಿರುವ ಪಿಷ್ಟವೇ ಇದಕ್ಕೆ ಕಾರಣ. ಬಿದಿರಿನ ಮೊರ, ಬುಟ್ಟಿ, ಬೀಸಣಿಗೆ, ತೆಂಗಿನ ಕಡ್ಡಿಯ ಪೊರಕೆ, ಹುಲ್ಲಿನ ಚಾಪೆ, ಇವುಗಳನ್ನು ಬಿಟ್ಟುಹೋಗುವುದೇ ಜಾಣತನ. ಬೆಲೆಯೋ ಅಲ್ಪ, ಪರೀಕ್ಷೆಯ ಖರ್ಚೋ ಅಧಿಕ. ಮೃದಂಗ, ತಬಲಗಳಲ್ಲಿ ಹಸಿಚರ್ಮವಿರುವುದರಿಂದ ಅವುಗಳ ಹೆಸರನ್ನು ಪಟ್ಟಿಯಲ್ಲಿ ಸ್ಪಷ್ಟವಾಗಿ ಕಾಣಿಸಿ, ಅಲ್ಲಿಯ ನಿಯಮವನ್ನು ಮೊದಲೇ ವಿಚಾರಿಸಬೇಕು. ವೀಣೆಯ ಕೊಡವು ಹಲಸಿನ ಮರದ್ದಾದುದರಿಂದ ಅದನ್ನೂ ಮಂಚದಂತೆಯೇ ಪರೀಕ್ಷಿಸತಕ್ಕದ್ದು.

ತೊಳೆದು ಒಯ್ಯತಕ್ಕವುಗಳ ಪಟ್ಟಿಯು ದೊಡ್ಡದು. ಪಾದರಕ್ಷೆಗಳ ಅಡಿಯ ಮಣ್ಣು, ಬೈಸಿಕಲ್ಲಿನ ಚಕ್ರದ ಕೆಸರು, ಮಕ್ಕಳ ತಳ್ಳುಗಾಡಿಯ ಸಂದಿಯಲ್ಲಿ ಸಿಕ್ಕಿದ ಹುಲ್ಲು, ಕೈತೋಟದ ಸಲಕರಣೆಗಳು, ಕಸ ಹೀರುವ ಯಂತ್ರದ ಚೀಲ, ಇವೆಲ್ಲವೂ ಅಲ್ಲಿಯ ಅಧಿಕಾರಿಗಳು ಹುಡುಕಿ ನೋಡುವ ಸ್ಥಳಗಳು. ನಮ್ಮ ಅಡಿಗೆಮನೆಯಲ್ಲಾದರೆ ಒರಳುಕಲ್ಲಿನ ಕುಳಿ, ಈಳಿಗೆಮಣೆಯ ಕೀಲು, ಹಿಟ್ಟು ಹಿಡಿದ ಜರಡಿ, ಮಸಾಲೆ ಡಬ್ಬಿಯ ಮುಚ್ಚಳದ ಅಂಚು, ಇವುಗಳಲ್ಲಿ ಕಾಳೋ ಹಿಟ್ಟೋ ಉಳಿದಿರುವುದು ಸಹಜ. ಗಟ್ಟಿ ಬ್ರಷ್ಷಿನಿಂದ ಉಜ್ಜಿ, ಬಿಸಿನೀರಿನಲ್ಲಿ ತೊಳೆದು, ಪೂರ್ತಿಯಾಗಿ ಒಣಗಿಸಿ ಕಟ್ಟಬೇಕು. ತೇವವುಳಿದರೆ ಬೂಷ್ಟು ಹಿಡಿದು ಬೇರೊಂದು ತೊಡಕು ಹುಟ್ಟುವುದು.

ಇಷ್ಟೂ ಅಲ್ಲಿಯ ಬಂದರಿನ ಮಾತಾಯಿತು. ನಮ್ಮ ಬಂದರನ್ನು ಬಿಡುವಾಗಲೂ ನಿಯಮಗಳುಂಟೆಂಬುದನ್ನು ಅನೇಕರು ಮರೆಯುವರು. ೧೯೭೨ರ ಪ್ರಾಚೀನ ವಸ್ತುಗಳ ಕಾನೂನಿನ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ವಿಗ್ರಹ, ಕೆತ್ತನೆ ಮುಂತಾದ ಕಲಾವಸ್ತುಗಳನ್ನೂ, ಎಪ್ಪತ್ತೈದು ವರ್ಷಕ್ಕೆ ಕಡಿಮೆಯಿಲ್ಲದ ಮಹತ್ವದ ಹಸ್ತಪ್ರತಿಗಳನ್ನೂ ಖಾಸಗಿ ಜನರು ದೇಶದಿಂದ ಹೊರಕ್ಕೆ ಒಯ್ಯುವಂತಿಲ್ಲ. ಮುತ್ತಜ್ಜನ ಪೂಜೆಯ ವಿಗ್ರಹವಾಗಲಿ, ತಾಳೆಗರಿಯ ಕಟ್ಟಾಗಲಿ ಮನೆಯಲ್ಲಿದ್ದರೆ ಪುರಾತತ್ತ್ವ ಇಲಾಖೆಯವರನ್ನು ವಿಚಾರಿಸದೆ ಕಟ್ಟಬಾರದು. ಹಳೆಯ ವಸ್ತುವಲ್ಲದಿದ್ದರೂ ಹಳೆಯದರಂತೆ ತೋರುವುದಾದರೆ, ಅದು ಪ್ರಾಚೀನವಲ್ಲವೆಂಬ ಪತ್ರವನ್ನು ಅವರಿಂದಲೇ ಪಡೆಯುವ ಪದ್ಧತಿಯಿದೆ. ಬೀಟೆಯ ಮರದ ಜಾತಿಗಳೆಲ್ಲ ೨೦೧೭ರಿಂದ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರದ ಒಪ್ಪಂದದ ಪಟ್ಟಿಯಲ್ಲಿ ಸೇರಿರುವುವು. ಮೈಸೂರಿನ ಕೆತ್ತನೆಯ ಬೀಟೆಯ ಮೇಜು ಕುರ್ಚಿಗಳನ್ನು ಒಯ್ಯುವವರು ಅನುಮತಿಪತ್ರದ ವಿಷಯವನ್ನು ಮೊದಲೇ ಇತ್ಯರ್ಥಮಾಡಿಕೊಳ್ಳಬೇಕು. ನವಿಲುಗರಿಯ ಬೀಸಣಿಗೆಯ ಆಸೆಯನ್ನಂತೂ ಬಿಡತಕ್ಕದ್ದೇ; ಅದರ ರಫ್ತಿಗೆ ನಮ್ಮ ದೇಶದಲ್ಲಿಯೇ ನಿಷೇಧವಿದೆ.

ಇನ್ನು ಕಟ್ಟುವ ಕ್ರಮ. ಗಾಜು ಪಿಂಗಾಣಿಗಳನ್ನು ಬತ್ತದ ಹುಲ್ಲಿನಲ್ಲಿಯೋ ಹೊಟ್ಟಿನಲ್ಲಿಯೋ ಹುದುಗಿಸುವುದು ನಮ್ಮ ಹಳೆಯ ವಾಡಿಕೆ. ಇಲ್ಲಿ ಅದು ಕೂಡದು. ಹಣ್ಣು, ತರಕಾರಿ, ಮೊಟ್ಟೆಗಳು ಬಂದ ರಟ್ಟಿನ ಪೆಟ್ಟಿಗೆಗಳೂ ಕೂಡವು. ಹೊಸ ರಟ್ಟಿನ ಪೆಟ್ಟಿಗೆ, ಶುದ್ಧ ಕಾಗದ, ಇವೇ ಉತ್ತಮ. ಮರದ ಪೆಟ್ಟಿಗೆಯಲ್ಲಿ ಕಟ್ಟುವುದಾದರೆ ಅದರ ಹಲಗೆಗಳ ಮೇಲೆ ಗೋಧಿಯ ತೆನೆಯ ಚಿತ್ರವಿರುವ ಮುದ್ರೆಯನ್ನು ನೋಡಿಕೊಳ್ಳಬೇಕು. ೧೯೫೧ರ ಅಂತರರಾಷ್ಟ್ರೀಯ ಸಸ್ಯಸಂರಕ್ಷಣಾ ಒಪ್ಪಂದದ ಅಂಗವಾಗಿ ೨೦೦೨ರಲ್ಲಿ ಗೊತ್ತುಮಾಡಿದ ನಿಯಮದ ಗುರುತು ಅದು. ಮುದ್ರೆಯಲ್ಲಿ ‘ಎಚ್.ಟಿ.’ ಎಂದಿದ್ದರೆ ಮರವನ್ನು ಕಾಯಿಸಿ ಶುದ್ಧಿಮಾಡಿದೆಯೆಂದು ಅರ್ಥ. ಸಾಮಾನ್ಯ ಕ್ರಮದಲ್ಲಿ ಮರದ ನಡುವಿನಲ್ಲಿಯೂ ೫೬ ಸೆಂಟಿಗ್ರೇಡ್ ಡಿಗ್ರಿಯ ಕಾವು ಒಂದೇ ಸಮನೆ ೩೦ ನಿಮಿಷ ಇರಬೇಕೆಂಬುದು ನಿಯಮ. ‘ಎಂ.ಬಿ.’ ಎಂದಿದ್ದರೆ ಧೂಪವಾಗಿದೆಯೆಂದು ಅರ್ಥ. ಮುದ್ರೆಯಿಲ್ಲದ ಹಸಿ ಹಲಗೆಯ ಪೆಟ್ಟಿಗೆಯಲ್ಲಿ ಶುದ್ಧವಾದ ಮಂಚವನ್ನಿಟ್ಟರೂ ಪೆಟ್ಟಿಗೆಯ ದೋಷದಿಂದಲೇ ತೊಂದರೆ ಬರುವುದು.

ಪ್ರತಿಯೊಂದು ಪೆಟ್ಟಿಗೆಗೂ ಸಂಖ್ಯೆಯನ್ನು ಕೊಟ್ಟು, ಒಳಗಿರುವುದನ್ನು ವಿವರವಾಗಿ ಇಂಗ್ಲಿಷಿನಲ್ಲಿ ಬರೆದ ಪಟ್ಟಿಯೊಂದನ್ನು ತಯಾರಿಸಬೇಕು. “ಅಡಿಗೆಯ ಸಾಮಾನು”, “ಇತರ ವಸ್ತುಗಳು” ಎಂದು ಅಸ್ಪಷ್ಟವಾಗಿ ಬರೆದರೆ ಪೆಟ್ಟಿಗೆಯನ್ನು ಬಿಚ್ಚಿ ನೋಡದೆ ಅವರಿಗೆ ಗತ್ಯಂತರವಿಲ್ಲ. ನೋಡುವ ಹೊತ್ತಿಗೆಲ್ಲ ಯಜಮಾನನೇ ಹಣ ತೆರಬೇಕು. ಮರ, ಚರ್ಮ, ಬಿದಿರು ಮೊದಲಾಗಿ ಪರೀಕ್ಷೆಗೆ ಒಳಗಾಗುವಂತಹವನ್ನೆಲ್ಲ ಒಟ್ಟಿಗೆ ಕಂಟೈನರಿನ ಬಾಗಿಲ ಹತ್ತಿರವೇ ಇಡಿಸಿದರೆ ಇಡೀ ಸಾಮಾನನ್ನು ಇಳಿಸುವ ಕಷ್ಟವು ತಪ್ಪೀತು. ಆಸ್ಟ್ರೇಲಿಯದಲ್ಲಿ ಇದಕ್ಕಾಗಿ ‘ಅನ್‌ಅಕಂಪನೀಡ್ ಪರ್ಸನಲ್ ಎಫೆಕ್ಟ್ಸ್ ಸ್ಟೇಟ್‌ಮೆಂಟ್’ ಎಂಬ ನಮೂನೆಯಿದೆ. ಜೊತೆಯಲ್ಲಿ ಬಾರದ ಸ್ವಂತ ಸಾಮಾನುಗಳ ಹೇಳಿಕೆಯೆಂದು ಅದರ ಅರ್ಥ. ಹನ್ನೆರಡು ತಿಂಗಳಿಗೆ ಕಡಿಮೆಯಿಲ್ಲದಂತೆ ತಮ್ಮದಾಗಿದ್ದು ಬಳಸಿದ ವಸ್ತುಗಳಿಗೆ ಅಲ್ಲಿ ಸುಂಕವಿಲ್ಲ. ಅದಕ್ಕಿಂತ ಹೊಸತಾದವುಗಳ ರಸೀತಿಗಳನ್ನು ಜೋಪಾನವಾಗಿಟ್ಟುಕೊಂಡಿರಬೇಕು. ನಿಯಮಗಳು ಆಗಾಗ್ಗೆ ಬದಲಾಗುವುದರಿಂದ, ಕಟ್ಟುವ ಮುಂಚೆ ಅಲ್ಲಿಯ ಇಲಾಖೆಯವರ ಇತ್ತೀಚಿನ ಪ್ರಕಟಣೆಯನ್ನು ಓದಿಕೊಳ್ಳುವುದು ಅವಶ್ಯ.

ಆ ನಮೂನೆಯನ್ನು ತುಂಬುವಾಗ ಸಂಶಯವಿರುವ ವಸ್ತುವನ್ನು ಬಿಡುವುದಕ್ಕಿಂತ ಬರೆಯುವುದೇ ಸರಿಯಾದ ದಾರಿ. ಬರೆದು ತಿಳಿಸಿದ ವಸ್ತುವನ್ನು ಅವರು ತಡೆದರೂ ಶುದ್ಧಿ ಮಾಡಿಸಿ ಪಡೆಯುವ ಅವಕಾಶವು ಬಹುಮಟ್ಟಿಗೆ ಉಳಿದಿರುವುದು. ಮರೆಮಾಡಿದ ವಸ್ತು ಸಿಕ್ಕಿದರೆ ವಸ್ತುವೂ ಹೋಗಬಹುದು. ಹೊಸ ದೇಶದಲ್ಲಿ ಕಾಲಿಡುವಾಗಲೇ ಕಾನೂನು ಮುರಿದವರೆಂಬ ಹೆಸರೂ ದಂಡವೂ ಬರಬಹುದು. ನಾಳೆ ಯಾವ ಊರಿನ ಅನ್ನವನ್ನು ಉಣ್ಣಲಿರುವೆವೋ ಆ ಊರಿನ ಹೊಲಕ್ಕೆ ನಮ್ಮಿಂದ ಕೇಡಾಗಬಾರದೆಂಬ ವಿವೇಕವು ಕಾನೂನಿಗಿಂತ ಮೊದಲಿನದು. ನಮ್ಮಲ್ಲಿ ಹೊಸ ಮನೆಯ ಹೊಸ್ತಿಲನ್ನು ದಾಟುವ ಮುನ್ನ ಕಾಲು ತೊಳೆಯುವರು. ಸಾಮಾನುಗಳಿಗೂ ಅದೇ ಮರ್ಯಾದೆಯೆಂದು ತಿಳಿದರೆ ಎರಡು ತಿಂಗಳ ಈ ಶ್ರಮವು ಭಾರವೆನಿಸದು.

ಕೊನೆಯದಾಗಿ, ಒಯ್ಯಲಾಗದ ವಸ್ತುಗಳ ವಿಷಯ. ಹುಳು ಹಿಡಿದ ಮಂಚವನ್ನು ಕಳುಹಿಸುವ ಮುನ್ನ ಸಾಗಣೆ, ಧೂಪ, ಪರೀಕ್ಷೆಗಳ ವೆಚ್ಚವನ್ನು ಒಂದು ಕಾಗದದ ಮೇಲೆ ಬರೆದು ಕೂಡಿಸಿ ನೋಡಿರಿ. ಆ ಮೊತ್ತವು ಮನಸ್ಸಿಗೆ ಒಪ್ಪಿದರೆ ಸಂತೋಷದಿಂದ ಒಯ್ಯಿರಿ. ಒಪ್ಪದಿದ್ದರೆ, ಬಂದರಿನಲ್ಲಿ ಅಪರಿಚಿತರ ಕೈಯಿಂದ ನಾಶವಾಗುವುದಕ್ಕಿಂತ ಅಣ್ಣತಮ್ಮಂದಿರ ಮನೆಯಲ್ಲಿಯೋ ನಾದಿನಿಯ ಮನೆಯಲ್ಲಿಯೋ ಅದು ಇನ್ನೊಬ್ಬರಿಗೆ ನೆರವಾಗುತ್ತಿರುವುದೇ ಮೇಲಲ್ಲವೇ? ಆದರೆ ಹಾಗೆ ಕೊಡುವ ಮುಂಚೆಯೂ ಇಲ್ಲಿಯೇ ಹುಳುವಿಗೆ ಔಷಧ ಮಾಡಿಸಿ ಕೊಡಿರಿ. ಕಡಲಾಚೆಯವರಿಗೆ ತೋರಿಸಿದ ಎಚ್ಚರಿಕೆಯು ನಮ್ಮ ನಾದಿನಿಯ ಮನೆಯ ಬಾಗಿಲು ಕಿಟಕಿಗಳಿಗೂ ಸಲ್ಲತಕ್ಕದ್ದೇ.